ಕೆಎಚ್ ಒಂದೋ ಎರಡೋ: ಮುರಕಲ್ಲಿನ ನೀರಿನಲ್ಲಿ ಕ್ಷಾರತೆ ಅಳೆಯುವ ಬಗೆ

ಕಾಸರಗೋಡಿನ ಬಾಯಾರು, ಪೈವಳಿಕೆ, ಎಣ್ಮಕಜೆ ಕಡೆಯ ಸುರಂಗದ (ನೀರಿಗಾಗಿ ಗುಡ್ಡದೊಳಕ್ಕೆ ಅಡ್ಡಲಾಗಿ ಕೊರೆದದ್ದು) ನೀರಾಗಲಿ, ಬದಿಯಡ್ಕ, ಮುಳ್ಳೇರಿಯದ ತೆರೆದ ಬಾವಿಯ ನೀರಾಗಲಿ, ಮೀನಿನ ತೊಟ್ಟಿಗೆಂದು ಹನಿ ಹಾಕುವ ಕಿಟ್‌ನಲ್ಲಿ ಅದರ ಕೆಎಚ್, ಅಂದರೆ ಆಮ್ಲವನ್ನು ತಡೆದುಕೊಳ್ಳುವ ಬೈಕಾರ್ಬನೇಟ್ ಕ್ಷಾರತೆ, ನೋಡಿದರೆ ಹೆಚ್ಚಾಗಿ ಒಂದೆರಡು ಹನಿಯಲ್ಲೇ ಬಣ್ಣ ತಿರುಗಿಬಿಡುತ್ತದೆ. ಮುರಕಲ್ಲಿನಲ್ಲಿ (ಜಂಬಿಟ್ಟಿಗೆ ಕಲ್ಲು) ಸುಣ್ಣದ ಅಂಶ ಇಲ್ಲವೆನ್ನುವಷ್ಟು ಕಡಿಮೆ. ಅದರೊಳಗಿಂದ ಜಿನುಗಿ ಬರುವ ನೀರಿಗೆ ಬೈಕಾರ್ಬನೇಟ್ ಸಿಗುವುದಾದರೂ ಎಲ್ಲಿಂದ? ಮಣ್ಣಿನಿಂದ ಬಂದ ಇಂಗಾಲದ ಡೈಆಕ್ಸೈಡ್ ಮಾತ್ರ ಧಾರಾಳವಾಗಿ ಇರುತ್ತದೆ. ಹಾಗಾಗಿ ಬಾವಿಯಿಂದ ಸೇದಿದ ಕೂಡಲೇ ಪಿಎಚ್ ಕಡಿಮೆ ತೋರಿಸಿ, ಗಾಳಿ ಗುಳ್ಳೆ ಬಿಟ್ಟು ಒಂದು ರಾತ್ರಿ ಇಟ್ಟರೆ ಏರುತ್ತದೆ. ಕೆಎಚ್ ಮಾತ್ರ ಎಷ್ಟು ಹೊತ್ತು ಇಟ್ಟರೂ ಅಷ್ಟೇ.

ಕೆಎಚ್ ಎಂಟೋ ಹತ್ತೋ ಇರುವ ಊರಿನವರಿಗೆ ಒಂದು ಹನಿ ಹೆಚ್ಚುಕಡಿಮೆಯಾದರೆ ನಷ್ಟವಿಲ್ಲ. ನಮ್ಮ ನೀರಿನಲ್ಲಿ ಆ ಒಂದು ಹನಿಯೇ ಒಟ್ಟು ಬಂಡವಾಳ. ಮೀನಿನ ಆಹಾರದ ಸಾರಜನಕ ಕೊನೆಗೆ ನೈಟ್ರೇಟ್ ಆಗುವಾಗ ಕ್ಷಾರತೆ ಖರ್ಚಾಗುತ್ತದೆ. ಅಮೋನಿಯಂ ರೂಪದ 1 ಮಿ.ಗ್ರಾಂ ಸಾರಜನಕ ನೈಟ್ರೇಟ್ ಆಗಲು 7.14 ಮಿ.ಗ್ರಾಂ ಕ್ಷಾರತೆ, ಕ್ಯಾಲ್ಸಿಯಂ ಕಾರ್ಬನೇಟ್ ಲೆಕ್ಕದಲ್ಲಿ, ಬೇಕು ಎಂಬುದು ಎಲ್ಲ ಕಡೆ ಸಿಗುವ ಅಂಕಿ. ಆದರೆ ಮೀನು ಅಮೋನಿಯ ಬಿಡುವಾಗ ಅದರ ಅರ್ಧದಷ್ಟು ಕ್ಷಾರತೆ ನೀರಿಗೆ ಸೇರಿರುತ್ತದೆ. ಕೂಡಿ ಕಳೆದರೆ, ಆಹಾರದಿಂದ ನೈಟ್ರೇಟ್ 10 ಪಿಪಿಎಂ (ಲೀಟರಿಗೆ 10 ಮಿ.ಗ್ರಾಂ) ಏರಿದಾಗ ಕೆಎಚ್ ಸುಮಾರು 0.45 ಇಳಿಯುತ್ತದೆ, 20 ಏರಿದರೆ 0.9. ಹೊಸ ನೀರಿನ ಕೆಎಚ್ 1.7 ಆಗಿದ್ದರೆ ಅರ್ಧ ಉಳಿಯಿತು. 0.9 ಆಗಿದ್ದರೆ ಪೂರ್ತಿ ಖಾಲಿ, ಅಲ್ಲಿಂದ ಮುಂದೆ ಪಿಎಚ್ ಜಾರುತ್ತದೆ, ಫಿಲ್ಟರಿನ ಬ್ಯಾಕ್ಟೀರಿಯ ಸುಸ್ತಾಗುತ್ತದೆ. ತೊಂದರೆಯೇನೆಂದರೆ ಸಾಮಾನ್ಯ ಕಿಟ್ ಈ ಎರಡೂ ನೀರಿಗೆ "2" ಎಂದೇ ಹೇಳುತ್ತದೆ.

ಯಾಕೆ ಹೀಗೆ? ಎಪಿಐ ಕಂಪೆನಿಯ ಮಾದರಿಯ ಕಿಟ್‌ನಲ್ಲಿ 5 ಮಿ.ಲೀ. ನೀರಿಗೆ ಆಮ್ಲದ ಒಂದು ಹನಿ ಎಂದರೆ 1 ಡಿಕೆಎಚ್ (ಕೆಎಚ್‌ನ ಒಂದು ಡಿಗ್ರಿ), ಅಂದರೆ ಕ್ಯಾಲ್ಸಿಯಂ ಕಾರ್ಬನೇಟ್ ಲೆಕ್ಕದಲ್ಲಿ ಲೀಟರಿಗೆ 17.9 ಮಿ.ಗ್ರಾಂ. ನೀಲಿ ಹೋಗಿ ಹಳದಿ ಬಂದ ಹನಿಯನ್ನು ಎಣಿಸುತ್ತೇವೆ. 1.1 ಬೇಕಾದಲ್ಲಿ ಒಂದನೆಯ ಹನಿಗೆ ತಿರುಗುವುದಿಲ್ಲ, ಎರಡನೆಯದಕ್ಕೆ ತಿರುಗುತ್ತದೆ, ಬರೆಯುವುದು 2. ಹನಿ ಎಣಿಕೆ ಯಾವತ್ತೂ ಮೇಲಿನ ಕಡೆಗೇ ಸುಳ್ಳು ಹೇಳುತ್ತದೆ. ಅದರ ಮೇಲೆ ಇನ್ನೊಂದು ಸಣ್ಣ ಸುಳ್ಳು ಇದೆ: ಬೈಕಾರ್ಬನೇಟ್ ಎಲ್ಲ ಮುಗಿದ ಮೇಲೂ ನೀರಿನ ಪಿಎಚ್ ಅನ್ನು ಬಣ್ಣ ತಿರುಗುವ ಮಟ್ಟಕ್ಕೆ ಇಳಿಸಲು ಸ್ವಲ್ಪ ಹೆಚ್ಚುವರಿ ಆಮ್ಲ ಬೇಕು. ಬಣ್ಣ ಪಿಎಚ್ 4.5ರಲ್ಲಿ ತಿರುಗಿದರೆ ಇದು 0.09 ಡಿಕೆಎಚ್, 4.2ರಲ್ಲಾದರೆ 0.18, ಪೂರ್ತಿ ಹಳದಿ ಬರಲೆಂದು 4.0 ತನಕ ಹೋದರೆ 0.28. ಕೆಎಚ್ 10 ಇರುವ ನೀರಿನಲ್ಲಿ ಇದನ್ನು ಯಾರೂ ಲೆಕ್ಕಿಸುವುದಿಲ್ಲ. ಕೆಎಚ್ 1 ಇರುವಲ್ಲಿ ಇದು ಕಾಲುಭಾಗ.

ನೀರು ಹೆಚ್ಚು ತೆಗೆದುಕೊಳ್ಳಿ, ಹನಿ ಬಿಟ್ಟು ಸಿರಿಂಜ್ ಹಿಡಿಯಿರಿ

ಮೊದಲ ಸುಧಾರಣೆಗೆ ಖರ್ಚೇ ಇಲ್ಲ. 5 ಮಿ.ಲೀ. ಬದಲು 20 ಮಿ.ಲೀ. ನೀರು ತೆಗೆದುಕೊಂಡರೆ ಒಂದು ಹನಿಯ ಬೆಲೆ 0.25 ಡಿಕೆಎಚ್ ಆಗುತ್ತದೆ. ಕಿಟ್‌ನ ಗಾಜಿನ ನಳಿಕೆಯ ಗೆರೆಯನ್ನು ನಂಬಬೇಡಿ. ಒಳಗಿನ ವ್ಯಾಸ 14 ಮಿ.ಮೀ. ಇರುವ ನಳಿಕೆಯಲ್ಲಿ 1 ಮಿ.ಮೀ. ಹೆಚ್ಚುಕಡಿಮೆ ತುಂಬಿದರೆ 0.15 ಮಿ.ಲೀ. ವ್ಯತ್ಯಾಸ, 5 ಮಿ.ಲೀ.ಗೆ ಅದು ಶೇ. 3. ಮೆಡಿಕಲ್ ಶಾಪಿನ 20 ಮಿ.ಲೀ. ಸಿರಿಂಜಿನಲ್ಲಿ, ಗುಳ್ಳೆ ಹೊರಹಾಕಿ, ಅಳೆದರೆ ಇದಕ್ಕಿಂತ ಎಷ್ಟೋ ಮೇಲು. 0.01 ಗ್ರಾಂ ತೋರಿಸುವ ಸಣ್ಣ ತಕ್ಕಡಿ ಇದ್ದರೆ 20.00 ಗ್ರಾಂ ತೂಗಿಬಿಡಿ, ಇನ್ನೂ ಒಳ್ಳೆಯದು.

ಸ್ಯಾಲಿಫರ್ಟ್‌ನಂತೆ ಬಣ್ಣದ ಇಂಡಿಕೇಟರ್ ಬೇರೆ, ಆಮ್ಲ ಬೇರೆ ಇರುವ ಕಿಟ್ ಆದರೆ ನೀರು ಹೆಚ್ಚಿಸಿದಷ್ಟೇ ಪಟ್ಟು ಇಂಡಿಕೇಟರ್ ಹನಿಗಳನ್ನೂ ಹೆಚ್ಚಿಸಬೇಕು. ಇಲ್ಲವಾದರೆ ಬಣ್ಣ ಪೇಲವವಾಗಿ ಕಣ್ಣಿಗೆ ಸಿಗದು. ಒಂದೇ ಬಾಟಲಿಯ ಕಿಟ್‌ನಲ್ಲಿ ಬಣ್ಣವೂ ಅದೇ ಹನಿಯಲ್ಲಿ ಬರುವುದರಿಂದ ಆ ಚಿಂತೆಯಿಲ್ಲ.

ಎರಡನೆಯದು, ಹನಿಯನ್ನೇ ಬಿಟ್ಟುಬಿಡುವುದು. ಹನಿ ಸುಮಾರು 0.05 ಮಿ.ಲೀ. ಎಂದು ಲೆಕ್ಕ. ಬಾಟಲಿಯನ್ನು ಓರೆ ಹಿಡಿದರೆ ಅದರ ಗಾತ್ರ ಬೇರೆ, ನೆಟ್ಟಗೆ ಹಿಡಿದರೆ ಬೇರೆ, ಮೂತಿಯಲ್ಲಿ ಗುಳ್ಳೆ ಕುಳಿತಿದ್ದರೆ ಅರ್ಧ ಹನಿ. ಬದಲಿಗೆ 1 ಮಿ.ಲೀ. ಇನ್ಸುಲಿನ್ ಸಿರಿಂಜ್ ತನ್ನಿ. ಇಲ್ಲಿ ಒಂದು ಎಚ್ಚರಿಕೆ: ನಮ್ಮ ಅಂಗಡಿಗಳಲ್ಲಿ ಯು-40 ಮತ್ತು ಯು-100 ಎರಡೂ ಸಿಗುತ್ತವೆ. ಕೆಂಪು ಮುಚ್ಚಳದ ಯು-40ರಲ್ಲಿ ಒಂದು ಯೂನಿಟ್ ಎಂದರೆ 0.025 ಮಿ.ಲೀ., ಕಿತ್ತಳೆ ಮುಚ್ಚಳದ ಯು-100ರಲ್ಲಿ 0.01 ಮಿ.ಲೀ. ಕೇಳಿ ಯು-100 ತೆಗೆದುಕೊಳ್ಳಿ. ಒಂದು ದಿನ ಒಂದು, ಇನ್ನೊಂದು ದಿನ ಇನ್ನೊಂದು ಬಳಸಿದರೆ ಲೆಕ್ಕ ಎರಡೂವರೆ ಪಟ್ಟು ತಪ್ಪುತ್ತದೆ, ತಪ್ಪಿದ್ದು ಗೊತ್ತೂ ಆಗುವುದಿಲ್ಲ.

ಸೂಜಿಯ ತುದಿಯ ತನಕ ದ್ರಾವಣ ತುಂಬಿ, ಗುಳ್ಳೆ ತೆಗೆದು, ಆರಂಭದ ಗೆರೆ ಬರೆದುಕೊಳ್ಳಿ. ಕೊನೆಯ ಗೆರೆಯಿಂದ ಅದನ್ನು ಕಳೆದರೆ ಖರ್ಚಾದದ್ದು ಸಿಕ್ಕಿತು. ಸೂಜಿಯೊಳಗೆ ಉಳಿಯುವ ದ್ರಾವಣ ಎರಡೂ ಕಡೆ ಇರುವುದರಿಂದ ಲೆಕ್ಕಕ್ಕೆ ಬರುವುದಿಲ್ಲ. ತುದಿ ನೀರಿನ ಮೇಲ್ಮೈಗೆ ಒಮ್ಮೆ ತಾಗಿ ಹಿಂದೆ ಬರಬೇಕು. ತೂಗಾಡುವ ಹನಿಯನ್ನು ಹಾಗೇ ಬಿಟ್ಟರೆ 0.01 ಮಿ.ಲೀ. ಅಲ್ಲೇ ಹೋಯಿತು. ನೀರೊಳಗೆ ಮುಳುಗಿಸಿ ಇಟ್ಟರೆ ಆಮ್ಲ ತಾನಾಗಿ ಸೋರುತ್ತದೆ. ಇದು ತೆಳುಗೊಳಿಸಿದ ಆಮ್ಲವೇ ಆದರೂ ಕಣ್ಣಿಗೆ ಹಾರದಂತೆ ನೋಡಿಕೊಳ್ಳಿ. ಸಿರಿಂಜಿನ ಮೇಲೆ ಪೆನ್ನಿನಲ್ಲಿ "ಕೆಎಚ್" ಎಂದು ಬರೆದು ಮಕ್ಕಳ ಕೈಗೆ ಸಿಗದಲ್ಲಿ ಇಡಿ.

ಗೊತ್ತಿರುವ ನೀರು ಮಾಡಿಕೊಳ್ಳುವುದು

ಇಷ್ಟು ಮಾಡಿದರೆ ಅಳತೆ ಸೂಕ್ಷ್ಮವಾಯಿತು, ಸರಿಯಾಯಿತು ಎಂದು ಹೇಳುವಂತಿಲ್ಲ. ಬಾಟಲಿಯೊಳಗಿನ ಆಮ್ಲ ಮುದ್ರಿಸಿದಷ್ಟೇ ಪ್ರಬಲವಾಗಿದೆಯೇ? ಮುಚ್ಚಳ ಸಡಿಲವಿದ್ದರೆ ನಮ್ಮ ಸೆಕೆಗೆ ನೀರು ಆವಿಯಾಗಿ ಆಮ್ಲ ಗಟ್ಟಿಯಾಗುತ್ತದೆ, ಆಗ ಕೆಎಚ್ ಇದ್ದದ್ದಕ್ಕಿಂತ ಕಡಿಮೆ ತೋರುತ್ತದೆ. ಎಕ್ಸ್‌ಪೈರಿ ದಿನಾಂಕ ನೋಡುವುದಕ್ಕಿಂತ ಕೆಎಚ್ ಎಷ್ಟೆಂದು ಗೊತ್ತಿರುವ ನೀರನ್ನು ಅದೇ ಬಾಟಲಿಯಿಂದ ಪರೀಕ್ಷಿಸುವುದು ಭರವಸೆಯ ದಾರಿ. ಅದಕ್ಕೆ ಬೇಕಾದ್ದು ಅಡುಗೆ ಸೋಡ, ಪೇಟೆಯಲ್ಲಿ ಅಪ್ಪಕ್ಕಾರಂ ಎಂದು ಕೇಳಿದರೂ ಅದನ್ನೇ ಕೊಡುತ್ತಾರೆ. ಬೇಕಿಂಗ್ ಪೌಡರ್ ಆಗದು, ಬಟ್ಟೆ ಸೋಡ ಆಗದು, ಹಪ್ಪಳಕ್ಕೆ ಹಾಕುವ ಖಾರವೂ (ಕ್ಷಾರದ ಪುಡಿ) ಆಗದು. ಹೊಟ್ಟೆಯುಬ್ಬರಕ್ಕೆ ಕುಡಿಯುವ ನೊರೆಪುಡಿಯಲ್ಲಿ ಸೋಡದ ಜತೆ ಸಿಟ್ರಿಕ್ ಆಮ್ಲ ಇರುತ್ತದೆ, ಅದನ್ನಂತೂ ಮುಟ್ಟಲೇಬೇಡಿ. ಹೊಸ ಪ್ಯಾಕೆಟ್ ಒಡೆಯಿರಿ. ಮಳೆಗಾಲದಲ್ಲಿ ಗಂಟುಕಟ್ಟಿದ ಹಳೆಯ ಡಬ್ಬಿಯ ಸೋಡ ತೂಕಕ್ಕೆ ಯೋಗ್ಯವಲ್ಲ.

ಲೆಕ್ಕ ಸರಳ: 1 ಲೀಟರಿನಲ್ಲಿ 30 ಮಿ.ಗ್ರಾಂ ಸೋಡ ಎಂದರೆ 1 ಡಿಕೆಎಚ್. ಆದರೆ 4 ಡಿಕೆಎಚ್‌ಗೆ ಬೇಕಾದ 0.12 ಗ್ರಾಂ ಅನ್ನು ಮನೆಯ ತಕ್ಕಡಿಯಲ್ಲಿ ತೂಗಲು ಹೋಗಬೇಡಿ, 0.01 ಗ್ರಾಂ ತಪ್ಪಿದರೂ ಶೇ. 8 ಹೋಯಿತು. 6.00 ಗ್ರಾಂ ತೂಗಿ 1 ಲೀಟರ್ ಮಾಡಿ. ಇದು 200 ಡಿಕೆಎಚ್‌ನ ಮೂಲ ದ್ರಾವಣ. ಇದರಿಂದ 10 ಮಿ.ಲೀ. ತೆಗೆದು ಒಟ್ಟು 500 ಮಿ.ಲೀ. ಮಾಡಿದರೆ 4 ಡಿಕೆಎಚ್. ಆ 4ರ ನೀರನ್ನು ಸಮಪಾಲು ಡಿಸ್ಟಿಲ್ಡ್ ವಾಟರಿನೊಂದಿಗೆ ಬೆರೆಸಿದರೆ 2 ಡಿಕೆಎಚ್. ಮನೆಯಲ್ಲಿ ಸಣ್ಣ ತಕ್ಕಡಿ ಇಲ್ಲದವರು ಸೋಡದ ಪೊಟ್ಟಣ ಹಿಡಿದು ಪರಿಚಯದ ಚಿನ್ನದಂಗಡಿಗೆ ಹೋಗಬಹುದು. ಅವರ ತಕ್ಕಡಿ ನಮಗೆ ಬೇಕಾದ್ದಕ್ಕಿಂತ ನಿಖರ, ನೋಟ ಸ್ವಲ್ಪ ವಿಚಿತ್ರವಾಗಿದ್ದರೆ ಸಹಿಸಿಕೊಳ್ಳಿ.

ಡಿಸ್ಟಿಲ್ಡ್ ವಾಟರ್ ಎಂದು ಇನ್ವರ್ಟರಿಗೆ ಹಾಕುವ ಬ್ಯಾಟರಿ ನೀರು ಸಾಕು, ಆದರೆ ಟಿಡಿಎಸ್ ಮೀಟರಿನಲ್ಲಿ 0ರಿಂದ 2ರ ಒಳಗೆ ತೋರಿಸಬೇಕು. 10, 15 ತೋರಿಸುವ ಬಾಟಲಿಯನ್ನು ಬ್ಯಾಟರಿಗೇ ಹಾಕಿ. ಕುಡಿಯುವ ನೀರಿನ ಬಾಟಲಿ, ಮನೆಯ ಆರ್‌ಒ ನೀರು ಇದಕ್ಕೆ ಹೊಂದುವುದಿಲ್ಲ. ಮಾಡಿದ ದ್ರಾವಣವನ್ನು ಬಿಗಿ ಮುಚ್ಚಳದ ಪ್ಲಾಸ್ಟಿಕ್ ಬಾಟಲಿಯಲ್ಲಿಡಿ. ಗಾಳಿಯ ಇಂಗಾಲದ ಡೈಆಕ್ಸೈಡ್ ಒಳಹೊರಗೆ ಹೋದರೂ ಅದರ ಕ್ಷಾರತೆ ಬದಲಾಗದು, ಪಿಎಚ್ ಮಾತ್ರ ಅತ್ತಿತ್ತ ಆದೀತು. ನೀರು ಆವಿಯಾಗುವುದೇ ಶತ್ರು. ಗಿಡದ ತೊಟ್ಟಿಗೆ ಡ್ರಾಪ್ ಚೆಕರ್ (ನೀರಿನ ಇಂಗಾಲದ ಡೈಆಕ್ಸೈಡ್ ಮಟ್ಟವನ್ನು ಬಣ್ಣದಲ್ಲಿ ತೋರಿಸುವ ಸಣ್ಣ ಗಾಜಿನ ಸಾಧನ) ಇಟ್ಟವರಿಗೆ ಬೇಕಾದ 4 ಡಿಕೆಎಚ್ ನೀರೂ ಇದೇ, ದುಡ್ಡು ಕೊಟ್ಟು ತರಿಸಬೇಕಾಗಿಲ್ಲ.

ಈಗ 4 ಮತ್ತು 2, ಎರಡನ್ನೂ 20 ಮಿ.ಲೀ. ತೆಗೆದು ಸಿರಿಂಜಿನಲ್ಲಿ ಅಳೆಯಿರಿ. ಒಂದು ಉದಾಹರಣೆ ನೋಡುವ. 4ಕ್ಕೆ 0.86 ಮಿ.ಲೀ., 2ಕ್ಕೆ 0.45 ಮಿ.ಲೀ. ಖರ್ಚಾಯಿತು ಎನ್ನಿ. ವ್ಯತ್ಯಾಸ 0.41, ಅದು 2 ಡಿಕೆಎಚ್‌ಗೆ. ಅಂದರೆ 1 ಡಿಕೆಎಚ್‌ಗೆ 0.205. ಇನ್ನು 0.45ರ ಎರಡು ಪಟ್ಟು 0.90, ಅದರಿಂದ 0.86 ಕಳೆದರೆ 0.04. ಮೇಲೆ ಹೇಳಿದ ಆ ಹೆಚ್ಚುವರಿ ಆಮ್ಲ ಇದೇ, ಕೆಮಿಸ್ಟ್ರಿ ಲ್ಯಾಬಿನವರು ಬ್ಲ್ಯಾಂಕ್ ಎನ್ನುವುದು. ಬಾವಿ ನೀರಿಗೆ 0.27 ಹಿಡಿದರೆ, 0.27ರಿಂದ 0.04 ಕಳೆದು 0.205ರಿಂದ ಭಾಗಿಸಿ: 1.12 ಡಿಕೆಎಚ್. ಇದೇ ನೀರಿಗೆ ಹನಿ ಕಿಟ್ "2" ಎನ್ನುತ್ತಿತ್ತು.

ಬ್ಲ್ಯಾಂಕ್ ನೋಡಲು ಬರೀ ಡಿಸ್ಟಿಲ್ಡ್ ವಾಟರಿಗೇ ಆಮ್ಲ ಹಾಕಿದರೆ ಆಗದೇ ಎಂದರೆ, ಒಂದೇ ಬಾಟಲಿಯ ಕಿಟ್‌ನಲ್ಲಿ ಅಷ್ಟು ಕಡಿಮೆ ದ್ರಾವಣಕ್ಕೆ ಬಣ್ಣವೇ ಕಾಣುವುದಿಲ್ಲ. ಎರಡು ದ್ರಾವಣಗಳ ಲೆಕ್ಕ ಅದನ್ನು ತಪ್ಪಿಸುತ್ತದೆ. ಈ 20 ಮಿ.ಲೀ. ಕ್ರಮದಲ್ಲಿ ಬ್ಲ್ಯಾಂಕ್ 0.02ರಿಂದ 0.06ರ ನಡುವೆ ಬಂದರೆ ಸರಿ. 0.10 ದಾಟಿದರೆ ನಿಮ್ಮ ಡಿಸ್ಟಿಲ್ಡ್ ವಾಟರಿನಲ್ಲೇ ಕ್ಷಾರತೆ ಇದೆ, ಅಥವಾ ನೀವು ಬಣ್ಣವನ್ನು ತುಂಬ ತಡವಾಗಿ ಒಪ್ಪಿಕೊಳ್ಳುತ್ತಿದ್ದೀರಿ.

ಬಣ್ಣ ಯಾವಾಗ ತಿರುಗಿತು?

ನನ್ನ ಮಟ್ಟಿಗೆ ಅರ್ಧಕ್ಕರ್ಧ ತಪ್ಪು ಇಲ್ಲೇ. ಒಬ್ಬರು ನೀಲಿ ಮಾಸಿ ಹಸಿರು ಬಂದಾಗ ನಿಲ್ಲಿಸುತ್ತಾರೆ, ಇನ್ನೊಬ್ಬರು ನಿಂಬೆಹಣ್ಣಿನ ಹಳದಿಗೆ ಕಾಯುತ್ತಾರೆ. ಹಲವು ಇಂಡಿಕೇಟರುಗಳಲ್ಲಿ ಇರುವ ಬ್ರೋಮೋಕ್ರೆಸಾಲ್ ಗ್ರೀನ್ ಪಿಎಚ್ 5.4ರಲ್ಲಿ ನೀಲಿ, 3.8ರಲ್ಲಿ ಹಳದಿ, ನಡುವೆ ಉದ್ದಕ್ಕೂ ಹಸಿರಿನ ಛಾಯೆಗಳು. ಕ್ಷಾರತೆ ಲೀಟರಿಗೆ 30 ಮಿ.ಗ್ರಾಂ ಇರುವ ನೀರಿನ ನಿಜವಾದ ಬಿಂದು ಪಿಎಚ್ 4.9ರ ಹತ್ತಿರ, 500 ಇರುವಲ್ಲಿ 4.3ರ ಹತ್ತಿರ. ಹಾಗಾಗಿ ನಮ್ಮ ನೀರಿಗೆ ಹಸಿರಿನಲ್ಲಿ ನಿಲ್ಲಿಸುವವರು ಸತ್ಯಕ್ಕೆ ಹತ್ತಿರ. ಆದರೆ ಎಲ್ಲಿ ನಿಲ್ಲಿಸುತ್ತೀರಿ ಎನ್ನುವುದಕ್ಕಿಂತ 4ಕ್ಕೂ 2ಕ್ಕೂ ಬಾವಿ ನೀರಿಗೂ ಒಂದೇ ಬಣ್ಣದಲ್ಲಿ ನಿಲ್ಲಿಸುವುದು ಮುಖ್ಯ. ಒಂದೇ ಕಡೆ ನಿಲ್ಲಿಸಿದರೆ ಬ್ಲ್ಯಾಂಕ್ ಅದನ್ನು ಕಳೆದುಹಾಕುತ್ತದೆ. ಮುಗಿದ ಒಂದು ನಳಿಕೆಯನ್ನು ಚೆಲ್ಲದೆ ಪಕ್ಕದಲ್ಲಿಟ್ಟು ಹೋಲಿಸಿ. ಹಿಂದೆ ಬಿಳಿ ಕಾಗದ ಇಟ್ಟು, ಮೇಲಿನಿಂದ ಕೆಳಗೆ ನೋಡಿ, ಹಗಲಿನ ಹೊತ್ತು ಜಗಲಿಯ ಬೆಳಕಿನಲ್ಲಿ. ರಾತ್ರಿ ಹಳದಿ ಬಲ್ಬಿನ ಕೆಳಗೆ ಹಸಿರು, ಹಳದಿ ಎರಡೂ ಒಂದೇ.

ತಿರುಗಿದ ಬಣ್ಣ ಅರ್ಧ ನಿಮಿಷದಲ್ಲಿ ಮತ್ತೆ ನೀಲಿಯಾದರೆ ಎರಡು ಕಾರಣ. ಆಮ್ಲ ಹಾಕಿದಾಗ ಹುಟ್ಟಿದ ಇಂಗಾಲದ ಡೈಆಕ್ಸೈಡ್ ಕರಗಿಕೊಂಡು ಪಿಎಚ್ ತಗ್ಗಿಸಿರುತ್ತದೆ, ಅಲುಗಾಡಿಸಿದಾಗ ಅದು ಹೊರಟುಹೋಗುತ್ತದೆ. ಪ್ರತಿ ಸಲ ಹಾಕಿದ ಮೇಲೆ ಒಂದೇ ರೀತಿ ಹತ್ತು ಸೆಕೆಂಡು ತಿರುಗಿಸಿದರೆ ಇದು ಹತೋಟಿಗೆ ಬರುತ್ತದೆ. ಎರಡನೆಯ ಕಾರಣ ನಮ್ಮ ಕರಾವಳಿಯದ್ದೇ: ಕೆಎಚ್ ಏರಲೆಂದು ಫಿಲ್ಟರಿಗೆ ಮರುವಾಯಿ ಚಿಪ್ಪು, ಹವಳದ ಚೂರು ಹಾಕುವ ರೂಢಿ. ಅದರ ಪುಡಿಯ ಒಂದು ಕಣ ನಳಿಕೆಗೆ ಬಂದರೂ ಆಮ್ಲದಲ್ಲಿ ಕರಗುತ್ತಾ ಹೋಗಿ ಬಣ್ಣ ಹಿಂದೆ ಹಿಂದೆ ಓಡುತ್ತದೆ, ಕೆಎಚ್ ಎಷ್ಟೋ ಹೆಚ್ಚು ಬರುತ್ತದೆ. ನೀರನ್ನು ಮೇಲ್ಮೈಯಿಂದ ತೆಗೆದು ಸ್ವಲ್ಪ ಹೊತ್ತು ತಂಗಲು ಬಿಟ್ಟು ಮೇಲಿನ ತಿಳಿಯನ್ನು ಮಾತ್ರ ಸಿರಿಂಜಿಗೆ ಎಳೆಯಿರಿ.

ಕಾಡುಬಾದಾಮಿ ಎಲೆ, ಮರದ ಬೇರು ಹಾಕಿದ ಚಹಾ ಬಣ್ಣದ ತೊಟ್ಟಿಯಲ್ಲಿ ನೀಲಿಯೂ ಹಸಿರಾಗಿ ಕಾಣುತ್ತದೆ. ಪಕ್ಕದಲ್ಲಿ ಅದೇ ತೊಟ್ಟಿಯ ನೀರನ್ನು ಏನೂ ಹಾಕದೆ ಇಟ್ಟುಕೊಂಡು ಹೋಲಿಸಿದರೆ ಸ್ವಲ್ಪ ಸುಲಭ. ಫಾಸ್ಫೇಟ್ ಇರುವ ಪಿಎಚ್ ಬಫರ್ ಹಾಕಿದ ತೊಟ್ಟಿಯಲ್ಲಿ ಬಣ್ಣ ಸರಿಯಾಗಿಯೇ ತಿರುಗುತ್ತದೆ, ಉತ್ತರ ಮಾತ್ರ ಅರ್ಥಹೀನ. ಕಿಟ್ ಅಳೆಯುವುದು ಆಮ್ಲವನ್ನು ಖರ್ಚುಮಾಡುವ ಎಲ್ಲವನ್ನೂ, ಬೈಕಾರ್ಬನೇಟ್ ಒಂದನ್ನೇ ಅಲ್ಲ.

ಅನುಮಾನ ಬಂದರೆ ಹೀಗೆ ಪರೀಕ್ಷಿಸಿ. 20 ಮಿ.ಲೀ. ತೊಟ್ಟಿ ನೀರಿಗೆ 200ರ ಮೂಲ ದ್ರಾವಣ 0.20 ಮಿ.ಲೀ. ಸೇರಿಸಿ, ಸರಿಯಾಗಿ 2 ಡಿಕೆಎಚ್ ಏರಬೇಕು. 1.9, 2.1 ಬಂದರೆ ನಿಮ್ಮ ಕೈ, ಕಣ್ಣು, ಕಿಟ್ ಮೂರೂ ಸರಿಯಿವೆ. 1.5 ಬಂದರೆ ಆ ನೀರಿನಲ್ಲಿ ಬಣ್ಣವನ್ನು ನಂಬುವಂತಿಲ್ಲ. ಪೇಲವ ಬಣ್ಣದ ಕಾಟ ಇರುವ ಬಹಳ ಮೆತ್ತನೆ ನೀರಿಗೂ ಈ ಉಪಾಯ ಒಳ್ಳೆಯದು: 2 ಸೇರಿಸಿ ಅಳೆದು, ಕೊನೆಗೆ 2 ಕಳೆಯಿರಿ.

ಪಿಎಚ್ ಪೆನ್ ಇದ್ದವರಿಗೆ

ಬಣ್ಣವೇ ಬೇಡ ಎನ್ನುವವರಿಗೆ ಕಡಿಮೆ ಕ್ಷಾರತೆಯ ನೀರಿಗೆಂದೇ ಇರುವ ಒಂದು ಲ್ಯಾಬ್ ವಿಧಾನ ಮನೆಯಲ್ಲೂ ಸಾಧ್ಯ. ಇದರ ಚಂದ ಏನೆಂದರೆ ಪೆನ್ ಒಂದಿಷ್ಟು ತಪ್ಪು ತೋರಿಸಿದರೂ ಪರವಾಗಿಲ್ಲ. 50 ಮಿ.ಲೀ. ನೀರಿಗೆ ಆಮ್ಲ ಹಾಕುತ್ತಾ ಪಿಎಚ್ 4.3 ಮತ್ತು 4.7ರ ನಡುವೆ ಎಲ್ಲಾದರೂ ನಿಲ್ಲಿಸಿ, ಓದಿಕೊಳ್ಳಿ. ಅಲ್ಲಿಯವರೆಗಿನ ಆಮ್ಲ ಮೊದಲ ಅಳತೆ. ಮತ್ತೆ ಹಾಕಿ, ಪಿಎಚ್ ಸರಿಯಾಗಿ 0.30 ಇಳಿಯುವ ತನಕ. ಆರಂಭದಿಂದ ಇಲ್ಲಿಯವರೆಗಿನ ಒಟ್ಟು ಆಮ್ಲ ಎರಡನೆಯ ಅಳತೆ. ಪಿಎಚ್ 0.30 ಇಳಿಯಿತೆಂದರೆ ಸ್ವತಂತ್ರ ಆಮ್ಲ ಇಮ್ಮಡಿಯಾಯಿತು ಎಂದು ಅರ್ಥ. ಹಾಗಾಗಿ ಎರಡನೆಯ ಸಲ ಸೇರಿಸಿದಷ್ಟೇ ಹೆಚ್ಚುವರಿ ಮೊದಲೂ ಇತ್ತು. ಮೊದಲ ಅಳತೆಯ ಎರಡು ಪಟ್ಟಿನಿಂದ ಎರಡನೆಯ ಅಳತೆ ಕಳೆದರೆ ಕ್ಷಾರತೆಗೆ ನಿಜವಾಗಿ ಹೋದ ಆಮ್ಲ. ಉದಾಹರಣೆಗೆ 0.58 ಮತ್ತು 0.63 ಬಂದರೆ 0.53. ಇದೇ ಕ್ರಮದಲ್ಲಿ 4ರ ದ್ರಾವಣಕ್ಕೆ 2.00 ಬಂದಿದ್ದರೆ 1 ಡಿಕೆಎಚ್‌ಗೆ 0.50, ಉತ್ತರ 1.06. ಪೆನ್ನಿನ ಎರಡನೆಯ ದಶಮಾಂಶ ನಿಂತು ಸ್ಥಿರವಾಗುವ ತನಕ ಕಾಯುವ ತಾಳ್ಮೆ ಬೇಕು. ಮೆತ್ತನೆ ನೀರಿನಲ್ಲಿ ಅದು ನಿಧಾನ.

ಹಾನ್ನಾ ಕಂಪೆನಿಯ ಕಿಸೆ ಕಲರಿಮೀಟರ್ (ಬಣ್ಣವನ್ನು ತಾನೇ ಅಳೆದು ಅಂಕಿ ತೋರಿಸುವ ಸಣ್ಣ ಯಂತ್ರ) ತೆಗೆದುಕೊಳ್ಳಲೇ ಎಂದು ಕೇಳುವವರಿದ್ದಾರೆ. ಸಿಹಿನೀರಿನ ಮಾದರಿ ಬೇರೆ, ಸಮುದ್ರದ ಮಾದರಿ ಬೇರೆ, ರೀಏಜೆಂಟೂ ಬೇರೆ. ಸಿಹಿನೀರಿನದ್ದಕ್ಕೆ 5 ಪಿಪಿಎಂ ಮತ್ತು ಓದಿದ್ದರ ಶೇ. 5 ಅಂತರ ಎಂದು ತಯಾರಕರೇ ಹೇಳುತ್ತಾರೆ. ನಮ್ಮ 20 ಪಿಪಿಎಂ ನೀರಿಗೆ ಅದು 6 ಪಿಪಿಎಂ, ಅಂದರೆ 0.3 ಡಿಕೆಎಚ್. ಕಣ್ಣಿನ ಬಣ್ಣದ ಜಗಳ ತಪ್ಪುತ್ತದೆ ಅಷ್ಟೆ, ಸಿರಿಂಜನ್ನು ಮೀರಿಸುವುದಿಲ್ಲ. ಅದ್ದಿ ನೋಡುವ ಪಟ್ಟಿಗಳ ಬಗ್ಗೆ ಮಾತೇ ಬೇಡ.

ಸಿಲಿಂಡರಿನಿಂದ ಗಿಡಗಳಿಗೆ ಇಂಗಾಲದ ಡೈಆಕ್ಸೈಡ್ ಕೊಡುವವರು ಪಿಎಚ್, ಕೆಎಚ್ ಕೋಷ್ಟಕ ನೋಡುವಾಗ ಈ ತಪ್ಪು ನೇರವಾಗಿ ಹಾದುಬರುತ್ತದೆ. ಪಿಎಚ್ 6.6ರಲ್ಲಿ ಕೆಎಚ್ 2 ಎಂದರೆ ಇಂಗಾಲದ ಡೈಆಕ್ಸೈಡ್ 15 ಪಿಪಿಎಂ, 1.1 ಎಂದರೆ 8. ಕೋಷ್ಟಕವನ್ನು ನಂಬಿ ಕೂತವರ ಗಿಡ ಯಾಕೆ ಏಳುತ್ತಿಲ್ಲ ಎಂಬುದಕ್ಕೆ ಹಲವು ಸಲ ಇಷ್ಟೇ ಉತ್ತರ.

ಕೆಎಚ್ ಏರಿಸಬೇಕೆಂದರೆ 100 ಲೀಟರಿಗೆ 3 ಗ್ರಾಂ ಅಡುಗೆ ಸೋಡ 1 ಡಿಕೆಎಚ್ ಕೊಡುತ್ತದೆ. ಬೇರೆ ಪಾತ್ರೆಯಲ್ಲಿ ಕರಗಿಸಿ, ಎರಡು ದಿನಕ್ಕೆ ಹಂಚಿ ಹಾಕಿ, ಪೂರ್ತಿ ಬೆರೆತ ಮೇಲೆ ಅಳೆಯಿರಿ. ತೊಟ್ಟಿಯ ಕೆಎಚ್ ಪಿಎಚ್‌ನಂತೆ ಹಗಲು ರಾತ್ರಿ ಏರಿಳಿಯುವುದಿಲ್ಲ, ಅಳೆಯುವ ಹೊತ್ತಿನ ಚಿಂತೆ ಬೇಡ. ಬಾವಿಯ ನೀರನ್ನು ಮಾತ್ರ ಮಳೆ ಹಿಡಿದ ಮೇಲೊಮ್ಮೆ, ಬೇಸಿಗೆಯಲ್ಲೊಮ್ಮೆ ನೋಡಲೇಬೇಕು. ಹೊಸದಾಗಿ ಸಿಮೆಂಟ್ ರಿಂಗ್ ಇಳಿಸಿದ ಬಾವಿ, ಹೊಸ ಸಿಮೆಂಟ್ ಟ್ಯಾಂಕಿ, ಸುಣ್ಣ ಹಾಕಿ ತೊಳೆದ ಬಾವಿ ಇವೆಲ್ಲ ಕೆಲವು ಕಾಲ ಕೆಎಚ್ ಏರಿಸಿ ತೋರಿಸಿ, ಆಮೇಲೆ ಹಳೆಯ ಮಟ್ಟಕ್ಕೆ ಇಳಿಯುತ್ತವೆ. ಅಡಿಕೆಗೆ ಬೋರ್ಡೋ ದ್ರಾವಣ ಸಿಂಪಡಿಸುವ ದಿನಗಳಲ್ಲಿ ತೋಟದ ನೀರು ತೊಟ್ಟಿಗೆ ಬೇಡವೇ ಬೇಡ, ಕೆಎಚ್ ಕಾರಣಕ್ಕಲ್ಲ, ಮೈಲುತುತ್ತಿನ ತಾಮ್ರ ಸಿಗಡಿಗಳನ್ನು ಉಳಿಸುವುದಿಲ್ಲ.

ಬಾವಿ ನೀರನ್ನು ಲ್ಯಾಬಿಗೆ ಕೊಟ್ಟು ವರದಿ ತಂದವರು ಯಾವ ಸಾಲು ಓದುತ್ತಿದ್ದೇವೆ ಎಂದು ನೋಡಿಕೊಳ್ಳಿ. ಒಟ್ಟು ಕ್ಷಾರತೆ ಕ್ಯಾಲ್ಸಿಯಂ ಕಾರ್ಬನೇಟ್ ಲೆಕ್ಕದಲ್ಲಿದ್ದರೆ 17.9ರಿಂದ ಭಾಗಿಸಿ, ಬೈಕಾರ್ಬನೇಟ್ ಎಂದೇ ಬರೆದಿದ್ದರೆ 21.8ರಿಂದ. ಗಡಸುತನದ ಸಾಲು ಜಿಎಚ್‌ನದ್ದು, ಅದಕ್ಕೂ ಇದಕ್ಕೂ ಸಂಬಂಧವಿಲ್ಲ. ಕುಡಿಯುವ ನೀರಿನ ಭಾರತೀಯ ಮಾನಕದಲ್ಲಿ ಕ್ಷಾರತೆಯ ಸ್ವೀಕಾರಾರ್ಹ ಮೇಲ್ಮಿತಿ ಲೀಟರಿಗೆ 200 ಮಿ.ಗ್ರಾಂ (ಬೇರೆ ನೀರು ಸಿಗದಲ್ಲಿ 600), ಕೆಳಮಿತಿ ಎಂಬುದೇ ಇಲ್ಲ. ಹಾಗಾಗಿ 20 ಬಂದ ನೀರಿಗೂ ವರದಿಯಲ್ಲಿ "ತೃಪ್ತಿಕರ" ಎಂದೇ ಇರುತ್ತದೆ. ಆ ಷರಾ ಕುಡಿಯುವವರಿಗೆ, ಮೀನಿಗಲ್ಲ.